ಮೂರು ಏಜೆನ್ಸಿ, ಒಂದು ಪಗಾರ

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ: ನನಗೆ ಮೂವತ್ತೆಂಟು ವರ್ಷ, ರಾಯಚೂರು ಸ್ಟೇಷನ್ನಿನಲ್ಲಿ ನನ್ನ ಹೆಸರು ‘ಹೊಸಬ’. ನನಗಿಂತ ಹದಿನೈದು ವರ್ಷ ಚಿಕ್ಕವರು ಕೂಡ “ಏ ಹೊಸಬ, ಫಿನೈಲ್ ಎಲ್ಲಿಟ್ಟಿ?” ಎಂದು ಕೂಗುತ್ತಾರೆ. ಮೊದಮೊದಲು ಮನಸ್ಸಿಗೆ ಚುರ್ ಎನ್ನುತ್ತಿತ್ತು. ಈಗ ಒಳಗೊಳಗೇ ಖುಷಿಯಾಗುತ್ತದೆ. ತಲೆಯಲ್ಲಿ ಬಿಳಿಕೂದಲು ಬಂದ ಮೇಲೂ ಹೊಸಬ ಎಂದು ಕರೆಸಿಕೊಳ್ಳುವ ಯೋಗ ಎಷ್ಟು ಜನಕ್ಕೆ ಇರುತ್ತದೆ ಹೇಳಿ?

ಇದಕ್ಕೂ ಮೊದಲು ನಾನು ಮಾನ್ವಿಯಲ್ಲಿ ಹದಿನೆಂಟು ವರ್ಷ ಟೇಲರ್ ಆಗಿದ್ದೆ. ಪ್ಯಾಂಟು ಶರ್ಟು ಹೊಲಿಯುವವನು. ಮೊದಲು ಮದುವೆ ತಿಂಗಳಲ್ಲಿ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಆಮೇಲೆ ಜನ ಸಿದ್ಧ ಉಡುಪು ಕೊಂಡು, ಕಾಲು ಉದ್ದವಾಯಿತು ಎಂದು ಕತ್ತರಿಸಲು ಮಾತ್ರ ನನ್ನ ಹತ್ತಿರ ಬರತೊಡಗಿದರು. ಕೊನೆಕೊನೆಗೆ ಅವರೂ ಬರುವುದನ್ನು ಬಿಟ್ಟು ಪ್ಯಾಂಟನ್ನು ಕೆಳಗೆ ಮಡಚಿಕೊಂಡು ಓಡಾಡಿದರು. ಅಂಗಡಿಯ ಬಾಡಿಗೆ ಕಟ್ಟುವುದು ಕಷ್ಟವಾದಾಗ ನನ್ನ ಹೆಂಡತಿ ಈರಮ್ಮ ಒಂದು ದಿನ ಶಾಂತವಾಗಿ ಹೇಳಿದಳು: “ನೀವು ಕುಂತು ಕುಂತು ಬ್ಯಾಸರ ಮಾಡ್ಕೊಳ್ಳಾಕತ್ತೀರಿ. ರೈಲ್ವೇದಾಗ ಏಜೆನ್ಸಿ ಕಡಿಂದ ಜನ ತಗೊಳ್ಳಾಕತ್ತಾರಂತ. ಒಮ್ಮೆ ನೋಡ್ರಿ.”

ನಾನು ನೋಡಿದೆ. ವರ್ಷವಿಡೀ ಒಂದೂ ಕೆಲಸ ಸಿಗದವನಿಗೆ ಒಂದೇ ವಾರದಲ್ಲಿ ಮೂರು ಬಂದವು.

ಮೊದಲನೆಯದು ಮಾನ್ವಿಯಲ್ಲೇ ಸಿಕ್ಕಿತು. ಬಸ್ ನಿಲ್ದಾಣದ ಹತ್ತಿರದ ಚಹಾದ ಹೋಟೆಲಿನಲ್ಲಿ, ನೀಲಿ ಫೈಲು ಹಿಡಿದ ಒಬ್ಬ ಮನುಷ್ಯ ದಿನಾ ಒಂದೇ ಟೇಬಲ್ಲಿನಲ್ಲಿ ಕೂರುತ್ತಿದ್ದ. ಇಸ್ತ್ರಿ ಮಾಡಿದ ಶರ್ಟು, ಹೊಲಿಗೆ ಮಾತ್ರ ಕೆಟ್ಟದ್ದು. ಅವನು ನನ್ನನ್ನು ಕೂರಿಸಿಕೊಂಡು, ತಾನೇ ಚಹಾ ತರಿಸಿ, ಮೆಲ್ಲಗೆ ಹೇಳಿದ: “ಏಜೆನ್ಸಿ ಅಂತ ಹೆಸರಿಗಷ್ಟೇ ರೀ. ಒಂದು ವರ್ಷ ಆದ ಮ್ಯಾಲ ಪರ್ಮನೆಂಟ್.”

ಆ ಮಾತು ಕೇಳಿ ನನ್ನ ಬುದ್ಧಿ ಕರಗಿಹೋಯಿತು. ಹದಿನೆಂಟು ವರ್ಷ ಯಾರ್ಯಾರದೋ ಅಳತೆ ಹಿಡಿದವನಿಗೆ ನನ್ನದೇ ಅಳತೆಯ ಒಂದು ಪದ ಸಿಕ್ಕಿತು ಅನ್ನಿಸಿತು. ಅವನು ಡಿಪಾಸಿಟ್ ನಲವತ್ತು ಸಾವಿರ ಎಂದ. ಶುಕ್ರವಾರದೊಳಗೆ ತರುತ್ತೇನೆ ಎಂದೆ. ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡು ಬೇಕೆಂದ. ಅದನ್ನು ಅಲ್ಲೇ ಕೊಟ್ಟುಬಿಟ್ಟೆ, ಒರಿಜಿನಲ್ಲು. ಹೊಲಿಗೆ ಯಂತ್ರ ಮಾರಿದರೆ ಎಷ್ಟು ಬರಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಮನೆಗೆ ಬಂದು, ಈರಮ್ಮನಿಗೆ ‘ಒಂದು ಕಡೆ ಮಾತಾಡಿದ್ದೇನೆ’ ಎಂದಷ್ಟೇ ಹೇಳಿದೆ. ಹೆಂಡತಿಗೆ ಅರ್ಧ ಸತ್ಯ ಹೇಳುವ ಗಂಡಸಿನ ಮುಖ ಒಂದು ವಿಚಿತ್ರ ಬಣ್ಣಕ್ಕೆ ತಿರುಗುತ್ತದಂತೆ. ಅವಳು ಆಗಲೇ ನೋಡಿದ್ದಳು, ಕೇಳಲಿಲ್ಲ.

ಎರಡನೆಯದು ದೇವದುರ್ಗದ್ದು. ಈರಮ್ಮನ ತಮ್ಮ ಗಬ್ಬೂರಿನಲ್ಲಿದ್ದಾನೆ, ಅವನು ಹೇಳಿದ್ದು. ಅಲ್ಲೊಬ್ಬ ಗುತ್ತಿಗೆದಾರರು ಹೊಸ ಹಳಿ ಹಾಕುವ ಕೆಲಸಕ್ಕೆ ಆಳು ಕಳಿಸುತ್ತಾರೆ, ಪಗಾರ ತಿಂಗಳಿಗೆ ಇಪ್ಪತ್ತು ಸಾವಿರ. ಇಬ್ಬರೂ ಹೋದೆವು. ಹೋಗುವಾಗ ಬಸ್ಸಿನಲ್ಲಿ ನಾನು ಟಿಕೆಟ್ ತೆಗೆಸಿದೆ. ಈರಮ್ಮನಿಗೆ, ಹೆಂಗಸಾದ ಕಾರಣ, ಉಚಿತ. ಆ ವಾರದಲ್ಲಿ ನಡೆದ ಎಲ್ಲ ತನಿಖೆಗೂ ಈ ಉಚಿತ ಪ್ರಯಾಣವೇ ಕಾರಣ ಎಂದರೆ ತಪ್ಪಿಲ್ಲ.

ಗುತ್ತಿಗೆದಾರರು ಅರವತ್ತು ದಾಟಿದವರು. ಬಿಸಿಲಲ್ಲೇ ಬದುಕಿದ ಮುಖ. ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಕೆಲಸದ ಮಾತು ಬಿಟ್ಟು “ಎಲ್ಲಿ, ಕೈ ತೋರಸ್ರಿ” ಎಂದರು. ತೋರಿಸಿದೆ. ಹೆಬ್ಬೆರಳಿನಲ್ಲಿ ಕತ್ತರಿಯ ಗಂಟು ಬಿಟ್ಟರೆ ಉಳಿದದ್ದೆಲ್ಲ ಮೆತ್ತಗೆ.

“ಬರ್ತೀನಂದ್ರ ಬರ್ರಿ, ಬ್ಯಾಡ ಅನ್ನಂಗಿಲ್ಲ,” ಎಂದರು. “ಆದ್ರ ಮಳಿಗಾಲದಾಗ ಕೆಲಸ ಇರಂಗಿಲ್ಲ. ವರ್ಷಕ್ಕ ಎಂಟು ತಿಂಗಳು ಅನ್ಕೋರಿ. ಸೈಟಿನ ಮ್ಯಾಲ ಇರಬೇಕು, ಅಡಗಿ ನೀವೇ ಮಾಡ್ಕೋಬೇಕು. ಪಿ.ಎಫ್. ಇಲ್ಲ. ಇದ್ದದ್ದು ಹೇಳೀನಿ.”

“ರಜಾ ಎಷ್ಟು ದಿನಕ್ಕ ಕೊಡ್ತೀರಿ ಯಪ್ಪಾ?” ಎಂದು ಈರಮ್ಮ ಕೇಳಿದಳು.

“ಕೆಲಸ ಮುಗದಾಗ, ಯವ್ವಾ.”

ಇಷ್ಟು ಪ್ರಾಮಾಣಿಕವಾಗಿ ತಮ್ಮ ಕೆಲಸವನ್ನು ತಾವೇ ಕೆಡಿಸಿಕೊಂಡ ಮನುಷ್ಯರನ್ನು ನಾನು ಮತ್ತೆ ನೋಡಿಲ್ಲ. ಆದರೂ ಇಪ್ಪತ್ತು ಸಾವಿರ ನನ್ನ ಕಿವಿಯಲ್ಲಿ ಕೂತಿತ್ತು.

ಮರುದಿನ ಈರಮ್ಮ ಒಬ್ಬಳೇ ರಾಯಚೂರಿಗೆ ಹೋದಳು. ಯಾವ ಕಚೇರಿಗೂ ಹೋಗಲಿಲ್ಲ. ನೇರ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ, ಪ್ರಯಾಣಿಕರ ನಿರೀಕ್ಷಣಾ ಕೊಠಡಿಯಲ್ಲಿ ಕುಳಿತಳು. ಅಲ್ಲಿ ಚಾಂದಬಿ ಎಂಬ ಹಿರಿಯ ಹೆಂಗಸು ನೆಲ ಒರೆಸುತ್ತಿದ್ದರು. ಈರಮ್ಮ ಕಾಲೆತ್ತಿ ಜಾಗ ಕೊಟ್ಟಳು, ಆಮೇಲೆ ಬುತ್ತಿಯ ಗಂಟು ಬಿಚ್ಚಿ ಅರ್ಧ ರೊಟ್ಟಿ ಕೊಟ್ಟಳು. ರೊಟ್ಟಿ ಮುಗಿಯುವಷ್ಟರಲ್ಲಿ ಅವಳಿಗೆ ತಿಳಿಯಬೇಕಾದದ್ದೆಲ್ಲ ತಿಳಿದಿತ್ತು. ಚಾಂದಬಿ ಹದಿನಾಲ್ಕು ವರ್ಷಗಳಿಂದ ಅಲ್ಲೇ ಇದ್ದಾರೆ. ಏಜೆನ್ಸಿಗಳು ನಾಲ್ಕು ಬದಲಾಗಿವೆ. ಈಗಿನವರು ತಿಂಗಳ ಹತ್ತನೇ ತಾರೀಖಿನೊಳಗೆ ಬ್ಯಾಂಕಿಗೇ ಪಗಾರ ಹಾಕುತ್ತಾರೆ, ವಾರಕ್ಕೊಂದು ರಜೆ ಇದೆ, ಒಂದು ಜಾಗ ಖಾಲಿಯೂ ಇದೆ. ಅದೇ ಮೂರನೆಯ ಕೆಲಸ.

“ಡಿಪಾಸಿಟ್ ಕೊಟ್ರ ಪರ್ಮನೆಂಟ್ ಮಾಡ್ತಾರಂತಲ್ಲ?” ಎಂದು ಕೊನೆಗೆ ಈರಮ್ಮ ಕೇಳಿದಳಂತೆ. ನಾನು ಅವಳಿಗೆ ಹೇಳದೆ ಇದ್ದ ವಿಷಯ! ಮಾನ್ವಿ ಸಣ್ಣ ಊರು. ಹೋಟೆಲಿನವನ ಹೆಂಡತಿ ಇವಳ ಗೆಳತಿ.

ಚಾಂದಬಿ ಒರೆಸುವ ಕೋಲು ಗೋಡೆಗೆ ಆನಿಸಿ ನಕ್ಕರಂತೆ. “ಹಂಗಿದ್ರ ನಾ ಈಗ ಸ್ಟೇಷನ್ ಮಾಸ್ತರ್ ಆಗಿರ್ತಿದ್ದೆ, ಬೇಟಿ!”

ಸಂಜೆ ಬಂದು ಈರಮ್ಮ ಈ ಮಾತನ್ನು ನನಗೆ ಹೇಳಿ ಎದುರಿಗೇ ಕೂತಳು. ಬೈದಿದ್ದರೆ ಸುಲಭವಿತ್ತು. ನಾನೇ ಎಲ್ಲ ಒಪ್ಪಿಕೊಂಡೆ: ಮಾರ್ಕ್ಸ್ ಕಾರ್ಡು, ನಲವತ್ತು ಸಾವಿರ, ಹೊಲಿಗೆ ಯಂತ್ರ. “ಯಂತ್ರ ಮಾರಿ ಆತೇನು?” ಎಂದಳು. ಇಲ್ಲವೆಂದೆ. “ಹಂಗಾದ್ರ ಏನೂ ಆಗಿಲ್ಲ ಬಿಡ್ರಿ,” ಎಂದು ರೊಟ್ಟಿ ಬಡಿಯಲು ಎದ್ದಳು.

ಮರುದಿನ ಬೆಳಿಗ್ಗೆ ಹೋಟೆಲಿಗೆ ನನಗಿಂತ ಮುಂದೆ ನಡೆದವಳು ಅವಳು. ಫೈಲಿನವನ ಎದುರು ಕುರ್ಚಿ ಎಳೆದು ಕೂತು, “ಅಣ್ಣಾ, ನಮ್ಮ ಮನಿಯವರ ಮಾರ್ಕ್ಸ್ ಕಾರ್ಡ್ ಕೊಡ್ರಿ. ಬೇಕಾದ್ರ ಝೆರಾಕ್ಸ್ ಇಟ್ಕೋರಿ,” ಎಂದಳು. ಅದು ಮೇಲಿನ ಆಫೀಸಿಗೆ ಹೋಗಿದೆ ಎಂದ. “ಬರೋ ತನಕ ಕೂಡ್ತೀನಿ,” ಎಂದಳು. ಕೂತಳು. ಬಂದು ಹೋಗುವವರೆಲ್ಲ “ಏನವ್ವಾ, ಇಲ್ಲಿ?” ಎಂದು ಕೇಳುವುದು, ಇವಳು ಗಟ್ಟಿಯಾಗಿ, ಬಹಳ ಮರ್ಯಾದೆಯಿಂದ, ಇಡೀ ಕತೆ ಹೇಳುವುದು. ಹೊಸ ಗಿರಾಕಿಗಳಿಬ್ಬರು ಬಾಗಿಲಲ್ಲೇ ಕೇಳಿ ಹಿಂತಿರುಗಿದರು. ಮೂರನೆಯ ಚಹಾದ ಹೊತ್ತಿಗೆ ನನ್ನ ಕಾರ್ಡು ಮೇಲಿನ ಆಫೀಸಿನಿಂದ ಅದೇ ನೀಲಿ ಫೈಲಿನ ತಳಕ್ಕೆ ಬಂದಿಳಿಯಿತು. ಮರುವಾರದಿಂದ ಆ ಮನುಷ್ಯ ಆ ಟೇಬಲ್ಲಿನಲ್ಲಿ ಕಾಣಲಿಲ್ಲ.

ಉಳಿದದ್ದು ಎರಡು. ರಾಯಚೂರಿನದು ಕಾಗದದ ಮೇಲೆ ಹದಿಮೂರು ಸಾವಿರದ ಇನ್ನೂರು. ಪಿ.ಎಫ್., ಇ.ಎಸ್.ಐ. ಮುರಿದುಕೊಂಡು ಕೈಗೆ ಬರುವುದು ಹನ್ನೊಂದು ಸಾವಿರದ ಐನೂರ ಹದಿನೇಳು. ದೇವದುರ್ಗದ್ದು ಇಪ್ಪತ್ತು, ಪೂರ್ತಿ. ನನ್ನ ಕಣ್ಣಿಗೆ ಆ ಇಪ್ಪತ್ತು ಮಾತ್ರ ಕಾಣುತ್ತಿತ್ತು.

ನನ್ನ ಹಳೆಯ ಗಿರಾಕಿ ವೆಂಕಟೇಶಾಚಾರ್ ಮಾಸ್ತರರು, ಕನ್ನಡ ಕಲಿಸಿ ನಿವೃತ್ತರಾದವರು, ಜುಬ್ಬಾ ಒಯ್ಯಲು ಬಂದಾಗ ಅವರ ಮುಂದೆ ನನ್ನ ಸಂಕಟ ತೋಡಿಕೊಂಡೆ. ಅವರು ಸಲಹೆ ಕೊಡಲಿಲ್ಲ, ಪಾಠ ಮಾಡಿದರು. “ಪಗಾರ ಅನ್ನೋ ಶಬ್ದ ಪೋರ್ತುಗೀಜರ ಹಡಗಿನಾಗ ಬಂದದ್ದಪ್ಪಾ. ಸಂಬಳ ಹಂಗಲ್ಲ. ಅದು ಸಂಸ್ಕೃತದ ಶಂಬಲ. ದಾರಿಬುತ್ತಿ ಅಂತ ಅರ್ಥ. ಊರಿಗೆ ಹೋಗೋರು ಕಟ್ಕೊಂಡು ಹೋಗ್ತಾರಲ್ಲ, ಅದು.” ಜುಬ್ಬಾ ಮಡಚಿ ಚೀಲದಲ್ಲಿಟ್ಟುಕೊಂಡು ಹೋದರು. ಮೂರು ದಿನ ನನ್ನ ತಲೆಯಲ್ಲಿ ಅದೇ. ಬುತ್ತಿ ಎಂದರೆ ದಾರಿ ಮುಗಿಯುವ ತನಕ ಸಾಲಬೇಕು. ಆದರೆ ನನ್ನ ದಾರಿ ಎಷ್ಟು ದೂರ ಎಂದು ಯಾವ ಏಜೆನ್ಸಿಯವನೂ ಹೇಳಿರಲಿಲ್ಲವಲ್ಲ.

ಈರಮ್ಮ ಮಾತ್ರ ನಿಘಂಟಿಗೆ ಹೋಗಲಿಲ್ಲ. ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆ ತೆಗೆದಳು. “ತಿಂಗಳಿಗೆ ಎಷ್ಟು ಅಂತ ನೋಡಬ್ಯಾಡ್ರಿ, ವರ್ಷಕ್ಕ ಎಷ್ಟು ನೋಡ್ರಿ.” ಎಂಟು ತಿಂಗಳಿಗೆ ಒಂದು ಲಕ್ಷ ಅರವತ್ತು ಸಾವಿರ. ಅದರಲ್ಲಿ ಸೈಟಿನ ಊಟದ ಖರ್ಚು ಇಪ್ಪತ್ತನಾಲ್ಕು ಸಾವಿರ ಕಳೆದಳು. ಈ ಕಡೆ ಹನ್ನೆರಡು ತಿಂಗಳದ್ದು ಒಂದು ಲಕ್ಷ ಮೂವತ್ತೆಂಟು ಸಾವಿರದ ಚಿಲ್ಲರೆ. “ನೋಡ್ರಿ, ರಾಯಚೂರೇ ಎರಡು ಸಾವಿರ ಜಾಸ್ತಿ!” ಎಂದು ಪೆನ್ನು ಕೆಳಗಿಟ್ಟಳು.

ಲೆಕ್ಕದಲ್ಲಿ ಒಂದು ತಪ್ಪಿತ್ತು. ಮಾನ್ವಿಯಿಂದ ರಾಯಚೂರಿಗೆ ನನ್ನ ದಿನದ ಬಸ್ಸಿನ ಖರ್ಚನ್ನು ಅವಳು ಬರೆದಿರಲಿಲ್ಲ. ಬರೆದಿದ್ದರೆ ದೇವದುರ್ಗವೇ ಗೆಲ್ಲುತ್ತಿತ್ತು. ಒಂದೊಂದು ರೂಪಾಯಿ ಬರೆದಿಡುವ ಈರಮ್ಮ ಅದನ್ನು ಮರೆತಳೇ? ತನಗೆ ಟಿಕೆಟ್ ಇಲ್ಲದ್ದರಿಂದ ನನಗೂ ಇಲ್ಲವೆಂದುಕೊಂಡಳೇ? ಅಥವಾ ಗಂಡ ಎಂಟು ತಿಂಗಳು ಹಳಿಯ ಪಕ್ಕದ ಶೆಡ್ಡಿನಲ್ಲಿ ಮಲಗುವುದು ಬೇಡವೆನಿಸಿತೇ? ನಾನು ಆ ಹಾಳೆಯನ್ನು ಎರಡು ಸಲ ನೋಡಿದೆ. “ಹೌದಲ್ಲ, ಜಾಸ್ತಿನೇ ಅದ,” ಎಂದೆ. ಹದಿನಾರು ವರ್ಷದ ಸಂಸಾರದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸಗಳಲ್ಲಿ ಅದೂ ಒಂದು.

ದೇವದುರ್ಗದ ಹಿರಿಯರಿಗೆ ಫೋನ್ ಮಾಡಿ ಬರುವುದಿಲ್ಲ ಎಂದಾಗ ಅವರು “ಭೇಷ್ ಮಾಡಿದ್ರಿ” ಎಂದು ನನಗಿಂತ ಮೊದಲು ನಿಟ್ಟುಸಿರು ಬಿಟ್ಟರು.

ಸೇರಿದ ಮೊದಲ ವಾರ ಒಂದು ಸಂಗತಿ ನಡೆಯಿತು. ನಾನು ಒರೆಸುವ ಕೋಲು ಹಿಡಿದು ಬೆಂಚುಗಳ ನಡುವೆ ಇದ್ದಾಗ ಮಾನ್ವಿಯ ಸಾಹುಕಾರರೊಬ್ಬರು ಕುಟುಂಬ ಸಮೇತ ಒಳಗೆ ಬಂದರು. ಅವರ ಮದುವೆಯ ಸೂಟು ಹೊಲಿದವನು ನಾನೇ. ಕಂಬದ ಹಿಂದೆ ಸರಿದೆ. ನಡು ನೋವು ಎಂದು ಕೂತಿದ್ದ ಚಾಂದಬಿ ಇದನ್ನು ಕಂಡು, “ಯಾಕಪ್ಪಾ, ಅವರ ರೊಕ್ಕ ಕೊಡೋದದೇನು?” ಎಂದರು. ಇಲ್ಲವೆಂದೆ. “ಮತ್ತ ಅಡಗೋದ್ಯಾಕ?” ಕಂಬ ಬಿಟ್ಟು ಹೊರಗೆ ಬಂದು ನಮಸ್ಕಾರ ಮಾಡಿದೆ. ಸಾಹುಕಾರರು ಒಂದು ಕ್ಷಣ ನನ್ನ ಸಮವಸ್ತ್ರ ನೋಡಿ, ತಮ್ಮ ಹೆಂಡತಿಗೆ “ಇವರ ಹೊಲಿಗಿ ಹತ್ತು ವರ್ಷ ಬಿಚ್ಚಿಲ್ಲ” ಎಂದರು. ರೈಲು ಬರುವ ತನಕ ಹಳೆಯದೆಲ್ಲ ಮಾತಾಡಿದೆವು. ಅವರು ಹೋದ ಮೇಲೆ ಅವರ ಮಕ್ಕಳು ಚೆಲ್ಲಿದ ಚುರುಮುರಿ ಗುಡಿಸಿದೆ. ಸೂಟು ಹೊಲಿದದ್ದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಮೊದಲ ಪಗಾರ ಒಂಬತ್ತನೇ ತಾರೀಖಿಗೇ ಬಂತು. ಈರಮ್ಮ ಬಸ್ಸು ಹಿಡಿದು ಸ್ಟೇಷನ್ನಿಗೆ ಬಂದಿದ್ದಳು. ನನ್ನ ಪಾಳಿ ಮುಗಿದ ಮೇಲೆ ಹೊರಗಿನ ಬಂಡಿಯ ಹತ್ತಿರ ಮಿರ್ಚಿ ತಿನ್ನುತ್ತ ಮೊಬೈಲಿನ ಮೆಸೇಜನ್ನು ಅವಳು ಮೂರು ಸಲ ಓದಿದಳು. ಹನ್ನೊಂದು ಸಾವಿರದ ಐನೂರ ಹದಿನೇಳು. ಒಂದು ರೂಪಾಯಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆಮೇಲೆ ಮೊಬೈಲು ನನಗೆ ಕೊಟ್ಟು, ಕೈ ಒರೆಸಿಕೊಂಡು, “ಅಲ್ರೀ, ಒಂದು ಕೇಳೋದು ಮರತೇ ಬಿಟ್ಟೀನಿ,” ಎಂದಳು. “ಈ ಕೆಲಸ ನಿಮಗ ಮನಸ್ಸಿಗೆ ಬಂದದೇನು?”

ಪಗಾರ, ರಜೆ, ಪಿ.ಎಫ್., ಊಟ, ಮಳೆಗಾಲ, ಎಲ್ಲವನ್ನೂ ತೂಗಿದ್ದೆವು. ಇದನ್ನು ಏಜೆನ್ಸಿಯವರು ಕೇಳಿರಲಿಲ್ಲ, ಸರಿ. ನನ್ನನ್ನು ನಾನೂ ಕೇಳಿಕೊಂಡಿರಲಿಲ್ಲ. ಬೆಳಗಿನ ಗಾಡಿ ಹೋದ ಮೇಲೆ ಕೊಠಡಿ ಪೂರಾ ಖಾಲಿಯಾಗುತ್ತದೆ. ನೆಲ ಒರೆಸಿ ಮುಗಿಸಿ ಬಾಗಿಲಲ್ಲಿ ನಿಂತರೆ ಬಿಸಿಲು ಒಳಗೆ ಬಂದು ಒದ್ದೆ ಕಲ್ಲಿನ ಮೇಲೆ ಮಲಗಿರುತ್ತದೆ. ಮುಂದಿನ ಗಾಡಿಯ ಜನ ಬರಲು ಹತ್ತು ನಿಮಿಷವಾದರೂ ಬೇಕು. ಅಲ್ಲಿಯ ತನಕ ಯಾರ ಹೆಜ್ಜೆಯೂ ಬೀಳದ ಆ ನೆಲವನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟ ಎಂಬುದು ಅವಳು ಕೇಳಿದ ಮೇಲೆಯೇ ನನಗೆ ಗೊತ್ತಾಯಿತು.

“ಬಂದದ,” ಎಂದೆ. “ದಿನಕ್ಕ ಹತ್ತು ನಿಮಿಷ ಭಾಳ ಮನಸ್ಸಿಗೆ ಬರ್ತದ.”

“ಹತ್ತು ನಿಮಿಷ ಆದ್ರ ಸಾಕು ಬಿಡ್ರಿ,” ಎಂದು ಈರಮ್ಮ ಇನ್ನೊಂದು ಪ್ಲೇಟು ಹೇಳಿದಳು.