ಆಶಕ್ಕನ ಮನೆಯ ಮಚ್ಚೆ

ಸುರಪುರದ ರಂಗಂಪೇಟೆಯಲ್ಲಿ ಮಲ್ಲೇಶ್ವರಿಯ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳಲಾರರು. ಆಶಕ್ಕನ ಮನೆ ಎಂದರೆ ಮಾತು ಬಾರದ ಕೂಸೂ ಬೆರಳು ಮಾಡಿ ತೋರಿಸುತ್ತದೆ, ಯಾಕೆಂದರೆ ಅದನ್ನು ಸೂಜಿ ಹಾಕಿಸಲು ಎತ್ತಿಕೊಂಡು ಹೋದವಳು ಅವಳೇ. ಆಶಾ ಕಾರ್ಯಕರ್ತೆಯಾಗಿ ಅವಳಿಗೆ ಹನ್ನೊಂದು ವರ್ಷ. ಯಾರ ಸೊಸೆಗೆ ಎಷ್ಟನೇ ತಿಂಗಳು, ಯಾರ ಕೆಮ್ಮು ಎರಡು ವಾರ ದಾಟಿತು, ಯಾವ ಮುದುಕ ಬಿಪಿ ಗುಳಿಗೆಯನ್ನು ಹಿತ್ತಲಿಗೆ ಎಸೆಯುತ್ತಾನೆ, ಎಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಬಾಯಿ ಸ್ವಲ್ಪ ಜೋರು. ರೋಗ ಮುಚ್ಚಿಟ್ಟವರನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿ. ಮುಚ್ಚಿಟ್ಟರೆ ರೋಗ ನಾಚಿಕೊಂಡು ಹೋಗುತ್ತದೇನು ಎಂದು ಅವರ ಬಾಗಿಲಲ್ಲೇ ನಿಂತು ಓಣಿಗೆಲ್ಲ ಕೇಳುವಂತೆ ಅಂದುಬಿಡುತ್ತಿದ್ದಳು. ಅಂಥವಳು ತಾನೇ ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ಅದಕ್ಕೆಲ್ಲ ಮೂಲ ಒಂದು ಜೋಡಿ ಗಿನಿಪಿಗ್. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜು ಮೇಷ್ಟ್ರು ಸಂಗಮನಾಥರಿಗೆ ಸಂಕ್ರಾಂತಿ ಕಳೆದ ಮೇಲೆ ವರ್ಗವಾಯಿತು. ಅವರ ಮಗಳು ಸಾಕಿಕೊಂಡಿದ್ದ ಆ ಪ್ರಾಣಿಗಳನ್ನು ಲಾರಿಯಲ್ಲಿ ಸಾಮಾನಿನ ಜೊತೆ ಒಯ್ಯುವಂತಿರಲಿಲ್ಲ. ಹಣ್ಣಿನ ಪ್ಲಾಸ್ಟಿಕ್ ಕ್ರೇಟಿನಲ್ಲಿಟ್ಟು ಮಲ್ಲೇಶ್ವರಿಯ ಮಗಳು ಕಸ್ತೂರಿಯ ಕೈಗೆ ಕೊಟ್ಟು ಹೋದರು. ನಾಲ್ಕನೇ ಈಯತ್ತೆಯ ಹುಡುಗಿ, ಅಕ್ಕತಂಗಿ ಯಾರೂ ಇಲ್ಲದವಳು. ಅವಳಿಗೆ ಸ್ವರ್ಗ ಮೂರೇ ಗೇಣು. ಒಂದು ಪೂರ್ತಿ ಬಿಳಿ, ಇನ್ನೊಂದು ಬೆಲ್ಲದ ಬಣ್ಣದ್ದು. ಇಲಿಯೂ ಅಲ್ಲ, ಮೊಲವೂ ಅಲ್ಲ, ಬಾಲವೇ ಇಲ್ಲದ ಇವನ್ನು ದೇವರು ಯಾವ ಅವಸರದಲ್ಲಿ ಮಾಡಿದನೋ ಎಂದು ಅತ್ತೆ ಸೂಗಮ್ಮ ಗೊಣಗಿದಳು. ಗೊಣಗುತ್ತಲೇ ಮೆಂತ್ಯದ ಸೊಪ್ಪಿನ ದಂಟು ಬಿಡಿಸಿ ಹಾಕಿದಳು. ಹೊಸ ಮನೆಗೆ ಬಂದ ಅವು ಮೊದಲ ವಾರ ಮೂಲೆಯಲ್ಲಿ ಮುದುರಿಕೊಂಡು ನಡುಗುತ್ತಿದ್ದವು. ಕಸ್ತೂರಿ ಅವನ್ನು ತೋಳಿನ ಮೇಲೆ ಮಲಗಿಸಿಕೊಂಡು, ಕುತ್ತಿಗೆಗೆ ಆನಿಸಿಕೊಂಡು ಸಮಾಧಾನ ಮಾಡುತ್ತಿದ್ದಳು.

ಫೆಬ್ರವರಿಯ ಕೊನೆಗೆ ಹುಡುಗಿಯ ಎಡ ಮುಂಗೈ ಮೇಲೆ ಒಂದಿಷ್ಟು ಕೆಂಪು ಗುಳ್ಳೆಗಳೆದ್ದವು. ತುರಿಸುತ್ತದೆ ಎಂದಳು. ಬೆವರುಗುಳ್ಳೆಯೋ ಸೊಳ್ಳೆಯೋ ಎಂದುಕೊಂಡು ಮಲ್ಲೇಶ್ವರಿ ಭೀಮೇಶನ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದಳು. ಮೈಮೇಲೆ ಏನೇ ಎದ್ದರೂ ಭೀಮೇಶ ಕೊಡುವುದು ಅದೊಂದೇ ಟ್ಯೂಬ್, ಊರೆಲ್ಲ ಹಚ್ಚುವುದೂ ಅದನ್ನೇ. ವೈದ್ಯರ ಚೀಟಿಯಿಲ್ಲದೆ ಮುಲಾಮು ಹಚ್ಚಬೇಡಿ ಎಂದು ತಾನೇ ಮನೆಮನೆಗೆ ಹೇಳುತ್ತಿದ್ದದ್ದು ಅವಳಿಗೆ ಆಗ ನೆನಪಾಗಲೇ ಇಲ್ಲ. ಮೂರು ದಿನಕ್ಕೆ ಕೆಂಪು ಮಾಯ, ತುರಿಕೆ ಮಾಯ. ಬಿಟ್ಟ ವಾರಕ್ಕೆ ಮತ್ತೆ ಬಂತು, ಮತ್ತೆ ಹಚ್ಚಿದಳು. ಹೀಗೇ ನಾಲ್ಕು ಸಲ. ನಾಲ್ಕನೆಯ ಸಲ ಕೆಂಪು ಹೋದ ಜಾಗದಲ್ಲಿ ಅಂಗೈ ಅರ್ಧದಷ್ಟು ಅಗಲದ ಒಂದು ಮಸುಕು ಕಲೆ ಉಳಿಯಿತು. ಸುತ್ತಲಿನ ಚರ್ಮಕ್ಕಿಂತ ತಿಳಿಯಾದ, ಒಣಗಿದ, ತುರಿಕೆಯೇ ಇಲ್ಲದ ಕಲೆ. ಬಿಸಿಲಿಗಿರಬೇಕು ಎಂದುಕೊಂಡಳು.

ಮಾರ್ಚ್ ಕೊನೆಗೆ ಕುಷ್ಠರೋಗದ ಸರ್ವೆ ಬಂತು. ಬಣ್ಣದ ಚಿತ್ರಗಳ ಒಂದು ಕಾರ್ಡು ಹಿಡಿದು ಮನೆಮನೆಗೆ ಹೋಗಿ, ಮೈಮೇಲೆ ತಿಳಿಬಣ್ಣದ, ನವೆಯಿಲ್ಲದ, ಸ್ಪರ್ಶ ಗೊತ್ತಾಗದ ಮಚ್ಚೆ ಇದೆಯೇ ಎಂದು ಕೇಳುವ ಕೆಲಸ. ಮೂರನೆಯ ದಿನ ಮಲ್ಲೇಶ್ವರಿ ಪಾರ್ವತೆಮ್ಮನ ಬಾಗಿಲಿಗೆ ಬಂದಳು. ಪಾರ್ವತೆಮ್ಮ ರೊಟ್ಟಿ ಬಡಿದು ಮಾರುತ್ತಿದ್ದ ಹೆಂಗಸು. ಎರಡು ವರ್ಷದ ಹಿಂದೆ ಅವಳ ಬೆನ್ನಿನ ಮೇಲಿನ ಮಚ್ಚೆಯನ್ನು ಕಂಡುಹಿಡಿದು ದವಾಖಾನೆಗೆ ಕರೆದೊಯ್ದವಳು ಮಲ್ಲೇಶ್ವರಿಯೇ. ಆರು ತಿಂಗಳ ಗುಳಿಗೆ ನುಂಗಿ ಪಾರ್ವತೆಮ್ಮ ಪೂರ್ತಿ ಗುಣವಾದಳು. ರೊಟ್ಟಿ ಒಯ್ಯುವವರು ಮಾತ್ರ ಮತ್ತೆ ಬರಲಿಲ್ಲ. ಎಲ್ಲರಿಗಿಂತ ಮೊದಲು ನಿಲ್ಲಿಸಿದವಳು ಮಲ್ಲೇಶ್ವರಿ. ಈಗ ಅತ್ತೆಯೇ ಮನೆಯಲ್ಲಿ ಬಡಿಯುತ್ತಾಳೆ ಎಂದು ಹೇಳಿ ತಪ್ಪಿಸಿಕೊಂಡಿದ್ದಳು. ಪಾರ್ವತೆಮ್ಮ ಆಗಲೂ ಏನೂ ಅಂದಿರಲಿಲ್ಲ, ಇವತ್ತೂ ನೀರಿನ ತಂಬಿಗೆ ಹಿಡಿದು ನಗುತ್ತಲೇ ಹೊರಬಂದಳು. ಮಲ್ಲೇಶ್ವರಿ ಕಾರ್ಡು ತೆಗೆದು ಎರಡನೆಯ ಚಿತ್ರದ ಮೇಲೆ ಬೆರಳಿಟ್ಟಳು. ಅಲ್ಲಿದ್ದದ್ದು ಕಸ್ತೂರಿಯ ಮುಂಗೈ.

ಅಂದರೆ ಇನ್ಯಾರದೋ ಮಗುವಿನ ಕೈ. ಅದೇ ಜಾಗ, ಅದೇ ತಿಳಿಬಣ್ಣ, ಅದೇ ಒಣಗಿದ ಅಂಚು. ಮಲ್ಲೇಶ್ವರಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಬಿಸಿಲಿಗೆ ತಲೆ ತಿರುಗಿತೇನೋ ಎಂದು ಪಾರ್ವತೆಮ್ಮ ಸೆರಗಿನಿಂದ ಗಾಳಿ ಹಾಕಿದಳು. ಮಲ್ಲೇಶ್ವರಿ ಆ ತಂಬಿಗೆಯ ನೀರನ್ನು ಗಟಗಟ ಕುಡಿದು, ಸರ್ವೆ ಅಲ್ಲಿಗೇ ಬಿಟ್ಟು ಮನೆಗೆ ಬಂದಳು.

ಅದು ಗುಣವಾಗುವ ರೋಗ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗುಳಿಗೆ ಪುಕ್ಕಟೆ, ಮುಟ್ಟಿದರೆ ಬರುವುದಿಲ್ಲ, ಪೂರ್ವಜನ್ಮದ ಪಾಪವಲ್ಲ ಎಂದು ಸಾವಿರ ಸಲ ಹೇಳಿದ ನಾಲಿಗೆ ಅವಳದು. ಆದರೆ ಅವಳು ಹೆದರಿದ್ದು ರೋಗಕ್ಕಲ್ಲ. ಜನ ಏನು ಮಾಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು, ಯಾಕೆಂದರೆ ಅದನ್ನು ತಾನೇ ಮಾಡಿದ್ದಳು. ಶಾಲೆಯಲ್ಲಿ ಕಸ್ತೂರಿಯ ಪಕ್ಕದ ಜಾಗ ಖಾಲಿಯಾಗುತ್ತದೆ. ಗೆಳತಿಯರ ಮನೆಯಲ್ಲಿ ಅವಳಿಗೆ ಬೇರೆ ಲೋಟ ಬರುತ್ತದೆ. ಇವತ್ತಲ್ಲ ನಾಳೆ ಮದುವೆಯ ಮಾತೆತ್ತಿದಾಗ ಯಾರಾದರೊಬ್ಬರು ಹಳೆಯದನ್ನು ಕೆದಕುತ್ತಾರೆ. ಇಷ್ಟೆಲ್ಲ ಒಂದು ಕ್ಷಣದಲ್ಲಿ ಕಣ್ಣ ಮುಂದೆ ಬಂತು.

ಮರುದಿನ ಕಸ್ತೂರಿಗೆ ತುಂಬು ತೋಳಿನ ಅಂಗಿ ಬಂತು. ಏಪ್ರಿಲ್ಲಿನ ಸುರಪುರದಲ್ಲಿ ಬಂಡೆಯೂ ಬೆವರುತ್ತದೆ, ಅಂಥದ್ದರಲ್ಲಿ ಹುಡುಗಿ ಮಣಿಕಟ್ಟಿನ ತನಕ ಗುಂಡಿ ಹಾಕಿಕೊಂಡು ಓಡಾಡಿದಳು. ಮೋಟಾರು ವೈಂಡಿಂಗ್ ಕೆಲಸಕ್ಕೆ ದಿನಾ ಹುಣಸಗಿಗೆ ಹೋಗಿಬರುವ ಗಂಡ ಶರಣಕುಮಾರನಿಗೆ ಇದಾವುದೂ ಗೊತ್ತಿಲ್ಲ. ಕೇಳಿದ ಅತ್ತೆಗೆ, ಬಿಸಿಲಿಗೆ ಕೈ ಕಪ್ಪಾಗಬಾರದೆಂದು ಹಾಕಿದ್ದೇನೆ ಎಂದಳು.

ದಿನಾ ಸಂಜೆ ಒಂದು ಆಟ. ಕಸ್ತೂರಿ ಕಣ್ಣು ಮುಚ್ಚಬೇಕು, ಅವ್ವ ಹತ್ತಿಯ ಎಳೆಯಿಂದ ಕೈಯನ್ನು ಎಲ್ಲೋ ಮುಟ್ಟುತ್ತಾಳೆ, ಮುಟ್ಟಿದ ಕಡೆ ಬೆರಳಿಡಬೇಕು. ತರಬೇತಿಯಲ್ಲಿ ಕಲಿತ ಪರೀಕ್ಷೆ ಅದು. ಸ್ಪರ್ಶ ಗೊತ್ತಾದರೆ ಆ ರೋಗವಿರಲಿಕ್ಕಿಲ್ಲ. ಹುಡುಗಿ ಒಂದು ದಿನವೂ ತಪ್ಪಲಿಲ್ಲ. ಬೆರಳು ಸರಿಯಾಗಿ ಮಚ್ಚೆಯ ಮೇಲೆ ಬಂದು ಕೂತಾಗಲೆಲ್ಲ ಮಲ್ಲೇಶ್ವರಿಗೆ ಹೋದ ಜೀವ ಬಂದಂತಾಗುತ್ತಿತ್ತು. ಆದರೂ ಬೆಳಗಾಗುವುದರೊಳಗೆ ಹೆದರಿಕೆ ಮತ್ತೆ ಹಾಗೇ ಬೆಳೆದಿರುತ್ತಿತ್ತು. ಇಪ್ಪತ್ತು ದಿನ ಆ ಆಟವೇ ಅವಳನ್ನು ಹಿಡಿದು ನಿಲ್ಲಿಸಿತು.

ಒಂದು ಸಂಜೆ ಹತ್ತಿ ಹಿಡಿದ ಕೈಯನ್ನು ಮಚ್ಚೆಯ ಮೇಲೆ ತಂದವಳು, ಓಣಿಯಲ್ಲಿ ಯಾರೋ ಕರೆದಂತಾಗಿ ಮುಟ್ಟದೆಯೇ ನಿಂತಳು. ಕಸ್ತೂರಿ ಬೆರಳಿಟ್ಟು ತೋರಿಸಿಬಿಟ್ಟಳು. ಮಲ್ಲೇಶ್ವರಿ ಮಗಳ ಮುಖ ನೋಡಿದಳು. ರೆಪ್ಪೆಗಳ ನಡುವೆ ಕೂದಲೆಳೆಯಷ್ಟು ಸಂದಿ ಇತ್ತು.

“ನಾ ಇನ್ನಾ ಮುಟ್ಟೇ ಇಲ್ಲವ್ವ,” ಎಂದಳು.

ಕಸ್ತೂರಿ ಕಣ್ಣು ತೆರೆದಳು. “ನೀ ಅಂಜಾಕತ್ತಿದ್ದಿ. ಅದಕ್ಕ ನೋಡ್ತಿದ್ದೆ.”

ಎಷ್ಟು ದಿನದಿಂದ ಎಂದು ಕೇಳಿದಾಗ ಮೊದಲ ದಿನದಿಂದ ಎಂದಳು. ಇಪ್ಪತ್ತು ದಿನದ ಸಮಾಧಾನ ಒಂದೇ ಮಾತಿಗೆ ಸುಳ್ಳಾಯಿತು. ಹಾಗಾದರೆ ಮಗುವಿಗೆ ಸ್ಪರ್ಶ ಗೊತ್ತಾಗುತ್ತದೋ ಇಲ್ಲವೋ, ಯಾರಿಗೆ ಗೊತ್ತು? ಅದೇ ವಾರ ತಲೆ ಬಾಚುವಾಗ ಕುತ್ತಿಗೆಯ ಹಿಂಭಾಗದಲ್ಲಿ ಎರಡನೆಯ ಕಲೆ ಕಂಡಿತು. ಅಲ್ಲಿ ಮುಟ್ಟಿದರೆ ಹುಡುಗಿ ಕದ್ದು ನೋಡುವಂತಿರಲಿಲ್ಲ, ಪರೀಕ್ಷೆ ಸುಲಭವಾಗಿ ಮುಗಿಯುತ್ತಿತ್ತು. ಮಲ್ಲೇಶ್ವರಿ ಹತ್ತಿಯನ್ನು ಕೈಗೆ ತೆಗೆದುಕೊಂಡು, ಹಾಗೇ ಕೆಳಗಿಟ್ಟಳು. ಅವಳಿಗೆ ಆಗಲಿಲ್ಲ. ಊರಿನವರ ಬೆನ್ನು, ತೊಡೆ, ಮುಖ ಎಲ್ಲ ಮುಟ್ಟಿ ನೋಡಿದವಳಿಗೆ ಹೆತ್ತ ಮಗಳ ಕುತ್ತಿಗೆ ಮುಟ್ಟಲು ಕೈ ಏಳಲಿಲ್ಲ.

ಕೊನೆಗೆ ಹೋದದ್ದು ಯಾದಗಿರಿಗೆ. ಸುರಪುರದ ದವಾಖಾನೆಯಲ್ಲಿ ಕಸಗುಡಿಸುವವರಿಗೂ ಅವಳ ಗುರುತು, ಶಹಾಪುರದಲ್ಲೂ ಪರಿಚಯದ ನರ್ಸುಗಳು. ಯಾದಗಿರಿಯಲ್ಲಿ ಅವಳು ಯಾರೋ. ಭೀಮಾ ನದಿಯ ಸೇತುವೆ ದಾಟುವಾಗ ಕಸ್ತೂರಿ ನೀರು ಎಷ್ಟು ಕಡಿಮೆ ನೋಡು ಎಂದಳು. ಮಲ್ಲೇಶ್ವರಿ ಅವಳ ತೋಳಿನ ಗುಂಡಿ ಬಿಚ್ಚಿಲ್ಲವಷ್ಟೇ ಎಂದು ನೋಡಿದಳು.

ಚರ್ಮದ ಡಾಕ್ಟರಮ್ಮ ಮೊದಲು ಹುಡುಗಿಯ ಕಣ್ಣಿಗೆ ಮಡಚಿದ ಬಟ್ಟೆ ಕಟ್ಟಿದರು. ಮಲ್ಲೇಶ್ವರಿ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಎಷ್ಟೋ ಹೊತ್ತಾಯಿತು ಅನಿಸಿದ ಮೇಲೆ “ಇಲ್ಲಿ” ಎಂಬ ದನಿ ಬಂತು. ಮತ್ತೆ “ಇಲ್ಲಿ.” ಮತ್ತೆ, “ಕುತ್ತಿಗ್ಯಾಗ. ಕಚಗುಳಿ ಆಗ್ತದ್ರಿ.” ಮಲ್ಲೇಶ್ವರಿ ಗೋಡೆಗೆ ಹಣೆ ಹಚ್ಚಿ ಅತ್ತಳು, ಅಳುವುದು ಕಾಣಬಾರದೆಂಬ ಎಚ್ಚರವೂ ಇಲ್ಲದೆ.

ಕಲೆಯ ಅಂಚಿನಿಂದ ಹೊಟ್ಟು ಕೆರೆದು ಗಾಜಿನ ಮೇಲಿಟ್ಟು ಒಳಗೆ ಕಳಿಸಿದ ಡಾಕ್ಟರಮ್ಮ, ಸ್ವಲ್ಪ ಹೊತ್ತಿಗೆ ಬಂದ ಚೀಟಿ ನೋಡಿ ಇದು ಹುಳುಕಡ್ಡಿ, ನೀವು ಹೆದರಿದ ದೊಡ್ಡ ರೋಗವಲ್ಲ ಎಂದರು. ಇಷ್ಟು ದಿನ ಏನು ಹಚ್ಚಿದಿರಿ ಎಂದು ಕೇಳಿದಾಗ ಮಲ್ಲೇಶ್ವರಿ ಚೀಲದಿಂದ ಹಿಂಡಿ ಚಪ್ಪಟೆಯಾದ ಟ್ಯೂಬ್ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿರುವ ಸ್ಟಿರಾಯ್ಡು ಕೆಂಪನ್ನೂ ನವೆಯನ್ನೂ ಚರ್ಮದ ಬಣ್ಣವನ್ನೂ ಅಳಿಸುತ್ತದೆ, ಅಡಿಯಲ್ಲಿ ರೋಗ ತನ್ನ ಪಾಡಿಗೆ ಹಬ್ಬುತ್ತದೆ ಎಂದು ಡಾಕ್ಟರಮ್ಮ ತಿಳಿಹೇಳಿದರು. ಆಮೇಲೆ ಮನೆಯಲ್ಲಿ ನಾಯಿ, ಬೆಕ್ಕು, ಕರು ಏನಾದರೂ ಇದೆಯೇ, ಅವುಗಳ ಕೂದಲು ಉದುರಿದೆಯೇ ಎಂದು ಕೇಳಿದರು. ಗಿನಿಪಿಗ್ ಇವೆ, ಕೂದಲೇನೂ ಉದುರಿಲ್ಲ ಎಂದಳು ಮಲ್ಲೇಶ್ವರಿ.

“ಉದರ್ಯಾವ್ರಿ,” ಎಂದಳು ಕಸ್ತೂರಿ ನೆಲ ನೋಡುತ್ತ. “ಬಿಳೇದರ ಮೂಗಿನ ಮ್ಯಾಲ, ಕೆಂಪದರ ಬೆನ್ನಿಗಿ. ನಾ ಎಣ್ಣಿ ಹಚ್ಚಿ ಬಾಜೂಕಿನ ಕೂದ್ಲ ಅದರ ಮ್ಯಾಲ ಬಾಚ್ತಿದ್ದೆ. ಅವ್ವ ನನಗ ಮುಚ್ಚಿದ್ಲು, ನಾ ಅವುಕ ಮುಚ್ಚಿದೆ.”

ಡಾಕ್ಟರಮ್ಮ ಚೀಟಿ ಬರೆಯುತ್ತಿದ್ದ ಕೈ ನಿಲ್ಲಿಸಿ ತಾಯಿಯ ಕಡೆ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಮಲ್ಲೇಶ್ವರಿಗೆ ಹಗುರವಾಗುತ್ತಿತ್ತು.

ಮನೆಗೆ ಬಂದು ಕ್ರೇಟನ್ನು ಬೆಳಕಿಗೆ ಹಿಡಿದರೆ ಹುಡುಗಿ ಹೇಳಿದ್ದು ನಿಜ. ಎಣ್ಣೆಗೂದಲ ಅಡಿಯಲ್ಲಿ ಬೋಳು ಬಿದ್ದ ಕಲೆಗಳು, ಅವುಗಳ ಮೇಲೆ ಬೂದಿಯಂಥ ಹೊಟ್ಟು. ವಿಷಯ ತಿಳಿದ ಸೂಗಮ್ಮ ಇವನ್ನು ಈಗಲೇ ಕೆರೆಯ ದಂಡೆಗೆ ಬಿಟ್ಟುಬಾ ಎಂದು ಹಟ ಹಿಡಿದಳು. ಶರಣಕುಮಾರ ಎರಡು ದಿನ ಹೆಂಡತಿಯೊಡನೆ ಮಾತಾಡಲಿಲ್ಲ. ಅವನ ಸಿಟ್ಟು ಗಿನಿಪಿಗ್‌ಗಳ ಮೇಲಲ್ಲ, ತನಗೆ ಹೇಳದೆ ಇದ್ದುದರ ಮೇಲೆ. ಮಲ್ಲೇಶ್ವರಿ ಯಾರ ಮಾತಿಗೂ ಎದುರಾಡದೆ ಕ್ರೇಟು ಹೊತ್ತು ಪಶು ಆಸ್ಪತ್ರೆಗೆ ಹೋದಳು. ಎಮ್ಮೆ, ಆಡು, ಕುರಿಗಳನ್ನೇ ನೋಡಿದ್ದ ಅಲ್ಲಿನ ಡಾಕ್ಟರು ನಕ್ಕರು. ಆಮೇಲೆ ಯಾರಿಗೋ ಫೋನು ಹಚ್ಚಿ, ಅವುಗಳ ತೂಕಕ್ಕೆ ಎಷ್ಟು ಹನಿ ಎಂದು ಕೇಳಿ ತಿಳಿದು ಔಷಧಿ ಬರೆದುಕೊಟ್ಟರು. ಹಳೆಯ ಜಾಗ ಬಿಟ್ಟು ಬಂದ ಹೆದರಿಕೆಗೆ ಮೈಯಲ್ಲಿ ಅಡಗಿದ್ದ ರೋಗ ಹೊರಬಿದ್ದಿರಬೇಕು ಎಂದೂ ಹೇಳಿದರು.

ಆರು ವಾರ ಅದೊಂದು ವ್ರತ. ಕೈಗವಸು ಹಾಕಿಕೊಂಡು ದಿನಾ ಅವುಗಳ ಬಾಯಿಗೆ ಹನಿ, ಬೋಳಾದ ಕಡೆ ಮುಲಾಮು. ಹಾಸಿದ ಭತ್ತದ ಹುಲ್ಲನ್ನು ಸುಡುವುದು, ಕ್ರೇಟನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು ಬಿಸಿಲಿಗಿಡುವುದು, ಹಾಸಿಗೆ ಬಟ್ಟೆಗಳನ್ನು ಕುದಿಸುವುದು. ಕಸ್ತೂರಿ ದೂರ ಕೂತು ಮಾತಾಡಿಸಬೇಕು, ಮುಟ್ಟುವಂತಿಲ್ಲ. ಟ್ಯೂಬ್ ಬಿಟ್ಟಿದ್ದರಿಂದ ಮೊದಲ ಹತ್ತು ದಿನ ಹುಡುಗಿಯ ಕಲೆಗಳು ಕೆಂಪಗೆ ಉರಿದೆದ್ದು ಇನ್ನೆರಡು ಹೊಸವು ಬಂದವು. ಮಲ್ಲೇಶ್ವರಿಗೆ ಮತ್ತೆ ಅದೇ ಚಿಂತೆ. ಡಾಕ್ಟರಮ್ಮ ತಪ್ಪು ನೋಡಿದ್ದರೆ? ಗಾಜಿನ ತುಂಡು ಅದಲುಬದಲಾಗಿದ್ದರೆ? ಹೀಗೇ ಆಗುತ್ತದೆ, ಹೆದರಬೇಡಿ ಎಂದು ಅವರು ಮೊದಲೇ ಹೇಳಿದ್ದರು. ಹೆದರಬೇಡಿ ಎಂದು ಊರಿಗೆಲ್ಲ ಹೇಳುವ ಹೆಂಗಸಿಗೆ ಆ ಮಾತು ಸಾಲುವುದೇ ಇಲ್ಲ ಎಂದು ಈಗ ಗೊತ್ತಾಯಿತು.

ತಿಂಗಳು ಕಳೆದು ಮತ್ತೆ ತೋರಿಸಲು ಯಾದಗಿರಿಗೆ ಹೋದಾಗ ಕಲೆಗಳು ಮಾಗಿದ್ದವು. ಗಾಳಿಯಾಡಲಿ ಎಂದು ಹುಡುಗಿಗೆ ತೋಳಿಲ್ಲದ ಅಂಗಿ ಹಾಕಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಓಣಿಯ ಭಾರತಿ ಪಕ್ಕದಲ್ಲೇ ಕೂತು, ಕಸ್ತೂರಿಯ ಕೈಯನ್ನು ಒಂದು ಕ್ಷಣ ದಿಟ್ಟಿಸಿ, ಕೂಸಿಗೆ ಅದೇನು ಎಂದಳು.

“ಹುಳಕಡ್ಡಿ. ಬರೇ ಹುಳಕಡ್ಡಿ,” ಎಂದಳು ಮಲ್ಲೇಶ್ವರಿ, ಮುಂದಿನ ಎರಡು ಸೀಟಿಗೂ ಕೇಳುವಂತೆ. ಯಾದಗಿರಿಯ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ ಎಂದೂ ಸೇರಿಸಿದಳು.

ಏನೋ ಕೆಲಸವೆಂದು ಭಾರತಿ ಶಹಾಪುರದಲ್ಲಿ ಇಳಿದಳು. ಬಸ್ಸು ಹೊರಟ ಮೇಲೆ ಕಸ್ತೂರಿ ಕೇಳಿದಳು: “ಆ ದೊಡ್ಡ ರೋಗ ಆಗಿದ್ರ ಏನ್ ಹೇಳ್ತಿದ್ದಿ ಅವ್ವ?”

ಮಲ್ಲೇಶ್ವರಿಯ ಬಳಿ ಅದಕ್ಕೆ ಉತ್ತರಗಳಿದ್ದವು, ಬಾಗಿಲು ಬಾಗಿಲಿಗೂ ಹೇಳಿ ಸವೆದವು. ಅವನ್ನೆಲ್ಲ ಬದಿಗಿಟ್ಟಳು.

“ಬಿಸಲಿಗಿ ಸುಟ್ಟಾದ ಅಂತ ಸುಳ್ಳ ಹೇಳ್ತಿದ್ದೆ.”

“ನನಗೂ?”

“ನಿನಗೂ.”

ಕಸ್ತೂರಿ ತನ್ನ ಮುಂಗೈಯನ್ನು ನೋಡಿಕೊಂಡಳು. ಆಮೇಲೆ, “ನನಗರ ಸುಳ್ಳ ಹೇಳಬ್ಯಾಡ,” ಎಂದಳು.

ಆಯಿತು ಎನ್ನುವ ಒಂದು ಮಾತು ಹೊರಬರಲು ಮಲ್ಲೇಶ್ವರಿಗೆ ಸುರಪುರದ ತನಕ ಬೇಕಾಯಿತು.