ಹಂಡೆ ಒಲೆಯ ಕರಿಹೊಗೆ

ಮೂರು ವರ್ಷದ ಹಿಂದಿನ ಮಾತು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಮಗೆ ಎರಡನೆಯ ಮಗು ಹುಟ್ಟಿತ್ತು. ಬಾಣಂತನಕ್ಕೆ ಕುರುಗೋಡಿನಿಂದ ನನ್ನ ಅತ್ತೆ ಬಂದಿದ್ದರು. ಬಾಣಂತಿಗೆ, ಕೂಸಿಗೆ ದಿನಾ ಎರಡು ಹೊತ್ತು ಸುಡುನೀರು ಬೇಕು. ಹಿತ್ತಲಿನ ಜಾಲಿ ಕಟ್ಟಿಗೆ ನೆಂದು, ಹೊಗೆಯಾಡುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ.

ನಾನು ಬಳ್ಳಾರಿಯಲ್ಲಿ ಗೂಡ್ಸ್ ಆಟೊ ಓಡಿಸುತ್ತೇನೆ. ಮನೆ ಸಿರುಗುಪ್ಪ ರಸ್ತೆಯ ಕಡೆ. ಅಲ್ಲಿ ಮನೆಗಳ ಮಧ್ಯೆಯೇ ಶೆಡ್ಡುಗಳು ಏಳುತ್ತವೆ, ಒಳಗೆ ಏನು ನಡೆಯುತ್ತದೆಂದು ಕೇಳುವವರಿಲ್ಲ. ಒಂದರಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ನಾನು ಬ್ಯಾಟರಿ ಇಳಿಸಲು ಹೋದಾಗ ಒಡೆದ ಕರಿ ಡಬ್ಬಿಗಳ ಚೂರು ಗುಡ್ಡೆ ಬಿದ್ದಿರುತ್ತಿತ್ತು. “ಒಯ್ಯಣ್ಣ, ಒಲಿಗೆ ಹಾಕು. ಸೀಮೆಎಣ್ಣಿ ಹಾಕಿದಂಗ ಉರಿತಾವು” ಎಂದ ಅಲ್ಲಿನವನು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿ ನಾನು. ಮೂರು ಚೀಲ ತುಂಬಿಕೊಂಡು ಬಂದೆ.

ಅತ್ತೆ ಜಾಲಿ ಕಟ್ಟಿಗೆಯ ಮೇಲೆ ನಾಲ್ಕು ಚೂರು ಹಾಕಿದರೆ ಸಾಕು, ಹಂಡೆ ಕುದಿಯುತ್ತಿತ್ತು. ಓಣಿಯವರೆದುರು ಅಳಿಯನನ್ನು ಹೊಗಳಿದ್ದೇ ಹೊಗಳಿದ್ದು. ನಾಲ್ಕು ವರ್ಷದ ಮಗಳು ಗೌರಿ ಎದ್ದವಳೇ ಆ ಒಲೆಯ ಮುಂದೆ ಬೆಂಕಿ ಕಾಯಿಸಿಕೊಳ್ಳುತ್ತ ಕೂರುತ್ತಿದ್ದಳು.

ತಿಂಗಳಾಗುವಷ್ಟರಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಮುಖ ಬಿಳಿಚಿಕೊಂಡಿತು. ಅತ್ತೆ ದೃಷ್ಟಿ ತೆಗೆದರು, ನಾನು ಜಂತಿನ ಔಷಧಿ ತಂದೆ. ಒಂದು ಮಧ್ಯಾಹ್ನ ಊಟಕ್ಕೆ ಕೂತವಳು ಕಣ್ಣು ಮೇಲೆ ಮಾಡಿ ಸೆಟೆದುಬಿಟ್ಟಳು. ನೆರೆಮನೆಯ ಅಕ್ಕನ ಮಡಿಲಲ್ಲಿ ಮಲಗಿಸಿ ಆಟೊದಲ್ಲೇ ಆಸ್ಪತ್ರೆಗೆ ಓಡಿದೆ.

ಫಿಟ್ಸ್ ನಿಂತ ಮೇಲೆ ಡಾಕ್ಟರಮ್ಮ ಒಂದೊಂದೇ ವಿಚಾರಿಸಿದರು. ನನ್ನ ಕೆಲಸ ಹೇಳಿದೆ, ಹಳೆಯ ಬ್ಯಾಟರಿ ಸಾಗಿಸುವುದನ್ನೂ ಹೇಳಿದೆ.

“ಬ್ಯಾಟರಿ ಸಾಮಾನು ಮನಿಗೆ ತರ್ತೀರೇನು?”

“ಇಲ್ರಿ. ಒಲಿಗೆ ಹಾಕಾಕ ಒಂದಿಷ್ಟು ಚೂರು ತಂದೀನಿ, ಅಷ್ಟ.”

ಅವರು ಬರೆಯುವುದನ್ನು ನಿಲ್ಲಿಸಿದರು. “ಅದರಾಗ ಸೀಸ ಇರತೈತ್ರಿ. ಹೊಗಿ ಜೋಡಿ ಮೈಯಾಗ ಸೇರತೈತಿ. ಮನ್ಯಾಗ ಇನ್ನ ಸಣ್ಣ ಮಕ್ಕಳು ಅದಾರೇನು?”

ಗಡಿಯಾರ ನೋಡಿದೆ. ಐದು ಗಂಟೆ. ಕೂಸಿಗೆ ಎರೆಯುವ ಹೊತ್ತು. ಎರೆದ ಮೇಲೆ ಅದೇ ಒಲೆಯ ಕೆಂಡಕ್ಕೆ ಲೋಬಾನ ಹಾಕಿ ಕೂಸಿಗೆ ಹೊಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಗೌರಿಯನ್ನು ಅಕ್ಕನಿಗೆ ಒಪ್ಪಿಸಿ ಆಟೊ ಹತ್ತಿದೆ. ದಾರಿ ತುಂಬ ಲಾರಿಗಳ ಸಾಲು. ಹಾರ್ನ್ ಒತ್ತುತ್ತಲೇ ಸಂದಿಯಲ್ಲಿ ನುಗ್ಗಿದೆ.

ಓಣಿ ತಿರುಗಿದೊಡನೆ ನಮ್ಮ ಹಿತ್ತಲಿನ ಕರಿಹೊಗೆ ಕಾಣಿಸಿತು. ಬಚ್ಚಲಲ್ಲಿ ಅತ್ತೆ ಎರೆದು ಮುಗಿಸಿ ಕೂಸನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಪಕ್ಕದಲ್ಲಿ ಕೆಂಡ ಸಿದ್ಧವಿತ್ತು. ಕೂಸನ್ನು ಕಸಿದು ಹೆಂಡತಿಯ ಕೈಗಿಟ್ಟು, ಬಿಂದಿಗೆ ನೀರನ್ನು ಒಲೆಗೂ ಕೆಂಡಕ್ಕೂ ಸುರಿದೆ.

“ಬಾಣಂತಿ ಒಲಿ ಹಂಗ ಆರಿಸಬಾರದ್ರಿ. ತಲಿ ಕೆಟ್ಟೈತೇನು ನಿಮಗ?” ಎಂದು ಅತ್ತೆ ಗದರಿದರು.

“ಗೌರಿಗೆ ಆಗಿದ್ದು ಈ ಒಲಿಯಿಂದನ ರೀ.”

ಅವರು ಅಲ್ಲೇ ಕುಸಿದು ಕೂತು ಅತ್ತರು. ಅವರ ತಪ್ಪೇನಿತ್ತು? ಚೀಲ ಹೊತ್ತು ತಂದವನು ನಾನು.

ಗೌರಿಯ ರಕ್ತಪರೀಕ್ಷೆಯಲ್ಲೂ ಸೀಸವೇ ಎಂದು ಬಂತು. ಕೂಸಿನ ರಕ್ತದಲ್ಲಿ ಅಷ್ಟಿರಲಿಲ್ಲ, ಅದು ಪಾರಾಯಿತು. ಗೌರಿ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಅಷ್ಟರಲ್ಲಿ ಆ ಶೆಡ್ಡಿನವರು ಗಂಟುಮೂಟೆ ಕಟ್ಟಿ ಬೇರೆ ಯಾವುದೋ ಓಣಿಗೆ ಹೋಗಿದ್ದರು. ಈಗಲೂ ಯಾರ ಮನೆಯ ಹಿತ್ತಲಲ್ಲಿ ಕರಿಹೊಗೆ ಕಂಡರೂ ಆಟೊ ನಿಲ್ಲಿಸಿ, ಒಲೆಗೆ ಏನು ಹಾಕಿದ್ದೀರೆಂದು ಕೇಳುತ್ತೇನೆ. ಬೈಸಿಕೊಂಡದ್ದೂ ಉಂಟು.

ಗೌರಿ ಈಗ ಎರಡನೆಯ ತರಗತಿ. ನಿನ್ನೆ ಕಲಿತ ಅಕ್ಷರ ಇವತ್ತು ನೆನಪಿರುವುದಿಲ್ಲ. ಸೀಸ ಮಿದುಳಿಗೆ ಮಾಡಿದ ಪೆಟ್ಟು ಅದು ಎಂದಿದ್ದಾರೆ ಡಾಕ್ಟರಮ್ಮ. ಮೊನ್ನೆ ಸ್ಲೇಟು ಕೆಳಗಿಟ್ಟು, “ಅಪ್ಪಾ, ನಾ ದಡ್ಡಿ ಅದೀನೇನು?” ಎಂದಳು.

“ಇಲ್ಲವ್ವ, ದಡ್ಡ ನಾನು,” ಎಂದೆ.

ತಮಾಷೆಗೆ ಅಂದೆನೆಂದು ನಕ್ಕಳು. ನಿಜ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.