ಜನಕ್ಕೆ ಬೆನ್ನು ಕೊಟ್ಟು ಹಾಡಿದವರು

ನಮ್ಮ ದೊಡ್ಡಪ್ಪ ಹೊನ್ನಯ್ಯನವರಿಗೆ ಒಟ್ಟಾಗಿ ಕೂತ ಜನರ ಮುಖ ಕಂಡರೆ ಹೆದರಿಕೆ. ಇದನ್ನು ಹೇಳಿದರೆ ನಮ್ಮೂರು ಕೊತ್ತತ್ತಿಯಲ್ಲಿ ಯಾರೂ ನಂಬುವುದಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಎಂದರೆ ಹಾರ್ಮೋನಿಯಂ ಮೇಷ್ಟ್ರು ಅವರೇ. ಸಾವಿರಾರು ಜನರ ನಡುವೆ ಕೂತು ಬೆಳೆದ ಮನುಷ್ಯನಿಗೆ ಜನ ಎಂದರೆ ಭಯ ಎಂದರೆ ಯಾರು ತಾನೆ ನಂಬುತ್ತಾರೆ.

ಆದರೆ ನಮ್ಮ ಕಡೆಯ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಸ್ಟೇಜಿನ ಮೇಲೆ ಕೂರುವುದಿಲ್ಲ. ಸ್ಟೇಜಿನ ಕೆಳಗೆ, ನಟ್ಟನಡುವೆ, ಪಾತ್ರಧಾರಿಗಳ ಕಡೆ ಮುಖ ಮಾಡಿ ಕೂರುತ್ತಾರೆ. ಜನರಿಗೆ ಕಾಣುವುದು ಅವರ ಬೆನ್ನು, ಹೆಗಲ ಮೇಲಿನ ಟವೆಲ್ಲು, ತಾಳಕ್ಕೆ ಆಡುವ ತಲೆ, ಇಷ್ಟೇ. ಪಾತ್ರಧಾರಿಗಳು ಊರಿನ ರೈತರು, ಡೈರಿಯವರು, ಬಸ್ ಕಂಡಕ್ಟರುಗಳು. ಅರ್ಧ ಹಾಡಿಗೆ ಉಸಿರು ಕಟ್ಟುತ್ತದೆ, ಸಾಲು ಮರೆಯುತ್ತದೆ. ಆಗ ಮೇಷ್ಟ್ರು ಕೆಳಗಿನಿಂದಲೇ ಆ ಸಾಲನ್ನು ಎತ್ತಿಕೊಳ್ಳಬೇಕು. ಪಾತ್ರಧಾರಿ ಬಾಯಿ ಆಡಿಸುತ್ತಿರುತ್ತಾನೆ, ಹಾಡು ಮೇಷ್ಟ್ರದ್ದು. ಏನಾದರೂ ಆಗಲಿ, ಸಾಲು ನೆಲಕ್ಕೆ ಬೀಳಬಾರದು. ಈ ಕೆಲಸದಲ್ಲಿ ದೊಡ್ಡಪ್ಪನನ್ನು ಮೀರಿಸುವವರು ಇರಲಿಲ್ಲ. ಎದುರಿನವನ ಎದೆ ಏರಿಳಿಯುವುದನ್ನು ನೋಡಿಯೇ ಎಲ್ಲಿ ಉಸಿರು ಮುಗಿಯುತ್ತದೆ ಎಂದು ಅವರಿಗೆ ತಿಳಿಯುತ್ತಿತ್ತು.

ಅವರು ಈ ಕೆಲಸಕ್ಕೆ ಬಂದದ್ದೂ ಭಯದಿಂದಲೇ. ಹುಡುಗನಾಗಿದ್ದಾಗ ಊರ ನಾಟಕದಲ್ಲಿ ಅವರಿಗೆ ಒಂದು ಬಾಲಕನ ಪಾತ್ರ ಕೊಟ್ಟಿದ್ದರಂತೆ. ಪರದೆ ಎದ್ದಾಗ ದೀಪದ ಬೆಳಕಿನಲ್ಲಿ ಕಂಡದ್ದು ಬರೀ ಮುಖಗಳು. ಬಾಯಿ ತೆರೆದರೆ ದನಿ ಬರಲಿಲ್ಲ. ಜನ ನಕ್ಕರು. ಚಡ್ಡಿ ಒದ್ದೆಯಾಯಿತು. ಅವರಪ್ಪ ಸ್ಟೇಜು ಹತ್ತಿ ಮಗನನ್ನು ಎತ್ತಿಕೊಂಡು ಹೋದರು. ಆ ನಾಟಕದ ಮೇಷ್ಟ್ರು ಬಸರಾಳಿನ ಶ್ಯಾಮಣ್ಣನವರು. ಮಾರನೆಯ ದಿನ ಅವರೇ ಮನೆಗೆ ಬಂದು, "ನನ್ನ ಪಕ್ಕ ಬಂದು ಕೂತ್ಕೋ ಮಗು. ಅಲ್ಲಿಂದ ಒಂದು ಮುಖವೂ ಕಾಣಿಸೋದಿಲ್ಲ," ಎಂದರಂತೆ. ದೊಡ್ಡಪ್ಪ ಅಂದು ಹೋಗಿ ಕೂತವರು ಮತ್ತೆ ಜನರ ಕಡೆ ತಿರುಗಲಿಲ್ಲ.

ಶ್ಯಾಮಣ್ಣನವರು ಪ್ರಾಯದಲ್ಲಿ ಒಂದು ನಾಟಕ ಕಂಪನಿಯ ಜೊತೆ ಹುಬ್ಬಳ್ಳಿ, ಬೆಳಗಾವಿ, ಮೀರಜು, ಸಾಂಗ್ಲಿ ಸುತ್ತಿ ಬಂದವರು. ಅಲ್ಲಿಂದ ತಂದದ್ದು ಮರಾಠಿ ರಂಗಗೀತೆಗಳ ಒಂದು ದೊಡ್ಡ ಗಂಟು. ನಮ್ಮ ನಾಟಕಗಳ ಎಷ್ಟೋ ಕನ್ನಡ ಹಾಡುಗಳನ್ನು ಆ ಮರಾಠಿ ಮಟ್ಟುಗಳ ಮೇಲೆಯೇ ಕೂರಿಸಿದ್ದರು. ಶಿಷ್ಯನಿಗೆ ಕನ್ನಡ ಹಾಡನ್ನೂ ಕಲಿಸಿದರು, ಅದು ಹುಟ್ಟಿದ ಮರಾಠಿ ಹಾಡನ್ನೂ ಕಲಿಸಿದರು, ಅದರ ಅರ್ಥವನ್ನೂ ಹೇಳಿದರು. ದೊಡ್ಡಪ್ಪ ಆ ಮರಾಠಿ ಹಾಡನ್ನು ತಾಯಿ ಹಾಡು ಎನ್ನುತ್ತಿದ್ದರು.

ಪ್ರಾಕ್ಟೀಸಿನ ಸಂಜೆಗಳಲ್ಲಿ, ಟೀ ಬಂದು ಎಲ್ಲರೂ ಗೋಡೆಗೆ ಒರಗಿದಾಗ, ದೊಡ್ಡಪ್ಪ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬಗ್ಗಿಕೊಂಡು, "ಈಗ ಇದ್ರ ತಾಯಿ ಹಾಡು ಕೇಳ್ರುಲಾ," ಎನ್ನುತ್ತಿದ್ದರು. ರಾಜಾಪಾರ್ಟಿನ ರವಿಚಂದ್ರ ಒಮ್ಮೆ ಕೇಳಿದ್ದ. "ಅಲ್ಲ ಮೇಷ್ಟ್ರೇ, ನಂಗೆ ಕನ್ನಡ ಸಾಲೇ ಬಾಯಿಗೆ ಬರಾಕಿಲ್ಲ. ಇನ್ನು ಮರಾಠಿ ತಕಂಡು ಏನ್ ಮಾಡಾನ?"

"ನೀನೇನೂ ಮಾಡಬ್ಯಾಡ ಕಣ್ಲಾ. ಸುಮ್ಕೆ ಕುಂತ್ಕಂಡು ಕಿವಿ ಕೊಡು. ಯುದ್ಧಕ್ಕೆ ಒಂಟವ್ನೆ ಗಂಡ. ಎಂಡ್ತಿ ಅಳಾಕಿಲ್ಲ, ಕಾಲು ಇಡಿಯಾಕಿಲ್ಲ. ದೀಪ ಅಚ್ಚೋಗಂಟ ಇರು ಅಂತಾಳೆ. ಅಷ್ಟೇಯ. ದೀಪ ಅಚ್ಚಾಕೆ ಎಷ್ಟೊತ್ತು ಬೇಕ್ಲಾ? ಆ ಒಂದು ಗಳಿಗೇನೇ ಎಳ್ದು ಎಳ್ದು ಆಡ್ತಾಳೆ."

ಹೀಗೆ ಹೇಳಿ, ಎಲ್ಲರಿಗೂ ಬೆನ್ನು ಮಾಡಿ, ಗೋಡೆ ನೋಡಿಕೊಂಡು ಹಾಡುತ್ತಿದ್ದರು. ಮೇಲಿನ ಸ್ವರಕ್ಕೆ ಹೋಗಿ ಅಲ್ಲಿ ನಿಂತು, ಇಳಿಯಲು ಮನಸ್ಸಿಲ್ಲದವರ ಹಾಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ರವಿಚಂದ್ರ ಟೀ ಲೋಟ ಹಿಡಿದುಕೊಂಡೇ ಇರುತ್ತಿದ್ದ. ಟೀ ಆರಿರುತ್ತಿತ್ತು. "ಇನ್ನೊಂದ್ಸಲ ಆ ದೀಪದ್ದು ಅನ್ನಿ ಮೇಷ್ಟ್ರೇ," ಎಂದು ಆಮೇಲೆ ಅವನೇ ಕೇಳಿ ಹಾಡಿಸುತ್ತಿದ್ದ.

ಹೋದ ವರ್ಷ ದೊಡ್ಡಪ್ಪನ ಬಲಗೈ ನಡುಗಲು ಶುರುವಾಯಿತು. ಮೊದಲು ಲೋಟ ಹಿಡಿದಾಗ, ಆಮೇಲೆ ಸುಮ್ಮನಿದ್ದಾಗಲೂ. ಮಂಡ್ಯದ ಡಾಕ್ಟರು ಮಾತ್ರೆ ಕೊಟ್ಟರು, ಪೂರ್ತಿ ಹೋಗುವುದಿಲ್ಲ ಎಂದರು. ಒಂದು ನಾಟಕದಲ್ಲಿ ಬೆರಳು ಬೇರೆ ಸ್ವರದ ಮನೆಗೆ ಬಿದ್ದು, ರವಿಚಂದ್ರನ ದನಿ ದಾರಿ ತಪ್ಪಿ, ಜನ ಸಿಳ್ಳೆ ಹಾಕಿದರು. ಅದಾದ ಮೇಲೆ ನಾಟಕದವರು ಮದ್ದೂರಿನಿಂದ ಕೀಬೋರ್ಡಿನವನನ್ನು ಕರೆಸಿಕೊಂಡರು. ಯಾರೂ ದೊಡ್ಡಪ್ಪನನ್ನು ಬೈಯಲಿಲ್ಲ, ಕರೆಯಲೂ ಇಲ್ಲ. ಪೆಟ್ಟಿಗೆಯ ಮೇಲೆ ದೊಡ್ಡವ್ವ ಹೊಂಬಾಳಮ್ಮ ಹಳೆಯ ಸೀರೆ ಹೊದಿಸಿದರು. ದೊಡ್ಡಪ್ಪನಿಗೆ ಉಳಿದದ್ದು ಗಂಟಲು ಒಂದೇ. ಬರೀ ಗಂಟಲಿಟ್ಟುಕೊಂಡು ಜನರ ನಡುವೆ ಹಾಡಬೇಕಾದರೆ ಅವರ ಕಡೆ ಮುಖ ಮಾಡಬೇಕು. ಅದು ದೊಡ್ಡಪ್ಪನಿಂದಾಗದು. ಹಾಗಾಗಿ ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಹಾಡುತ್ತಿದ್ದರು.

ಅಲ್ಲಿಯೇ ಶ್ರೀಮತಿ ಮೇಡಂ ದೊಡ್ಡಪ್ಪನ ಹಾಡು ಕೇಳಿದ್ದು. ಮಂಡ್ಯದ ಗುತ್ತಲಿನಲ್ಲಿರುವ ಅವರು ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು, ಅದಕ್ಕೆ ಕಾರಣರಾದವರಲ್ಲಿ ಅವರೂ ಒಬ್ಬರು. ಹಬ್ಬದೂಟಕ್ಕೆ ಕರೆದಿದ್ದೆ. ಎಲೆ ಮುಂದೆ ಕೂತಿದ್ದವರು ಅರ್ಧಕ್ಕೇ ಎದ್ದು, ಎಂಜಲು ಕೈಯಲ್ಲೇ ಕೊಟ್ಟಿಗೆ ಬಾಗಿಲಿಗೆ ಹೋಗಿ ನಿಂತರು. ಅವರು ಹುಟ್ಟಿದ್ದು ಧಾರವಾಡದಲ್ಲಿ. ಅವರ ತಂದೆ ಮರಾಠಿ ನಾಟಕದ ಹುಚ್ಚಿನವರು.

"ದೀಪಿಕ, ಇದು ನಮ್ಮಪ್ಪ ಹಾಡ್ತಿದ್ದ ಹಾಡು. ಮಂಡ್ಯಕ್ಕೆ ಬಂದ ಮೇಲೆ ಇನ್ನೊಬ್ಬರ ಬಾಯಲ್ಲಿ ಕೇಳಿರಲಿಲ್ಲ," ಎಂದರು. ದೊಡ್ಡಪ್ಪ ಅವರನ್ನು ಕಂಡದ್ದೇ ಹಾಡು ನಿಲ್ಲಿಸಿ ಹಸು ಮೇಯುವ ಗೊಂತಿನ ಕಡೆ ತಿರುಗಿಕೊಂಡರು.

ಮೇಡಂ ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಕೆಲವರು ಸೇರಿ ಹಳೆಯ ಹಾಡು ಕೇಳುತ್ತಾರೆ. ಹೆಚ್ಚಿನವರು ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಅರ್ಚಕರ ಮನೆಯವರು. ಮುಂದಿನ ಸಲ ನೀವು ಹಾಡಬೇಕು, ಪೆಟ್ಟಿಗೆಯ ಚಿಂತೆ ಬೇಡ, ನಮ್ಮ ಕಿಟ್ಟು ನುಡಿಸುತ್ತಾನೆ ಎಂದು ಮೇಡಂ ಕೇಳಿದರು. ದೊಡ್ಡಪ್ಪ ಹಸುವಿನ ಬೆನ್ನು ಸವರುತ್ತಾ, "ಆಯ್ತು ಕಣಮ್ಮ," ಎಂದರು. ಮನೆಗೆ ಬಂದವರಿಗೆ ಇಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಅಂದಿನಿಂದ ಅವರಿಗೆ ಮುದ್ದೆ ಇಳಿಯಲಿಲ್ಲ. ಗದ್ದೆಗೆ ನೀರು ಕಟ್ಟಲು ಹೋದವರು ಏರಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ನಿದ್ದೆಯಲ್ಲಿ ಬೆಚ್ಚುತ್ತಿದ್ದರು ಎಂದು ದೊಡ್ಡವ್ವ ಹೇಳಿದರು. ಭಾನುವಾರ ಸ್ಕೂಟರಿನಲ್ಲಿ ಕರೆದೊಯ್ಯಲು ನಾನು ಹೋದಾಗ ಬಿಳಿ ಪಂಚೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಮೇಷ್ಟ್ರೇ, ಏಳಿ," ಎಂದರು ದೊಡ್ಡವ್ವ. ಗಂಡನನ್ನು ಅಣಕಿಸಬೇಕಾದಾಗ ಅವರು ಹೀಗೆಯೇ ಕರೆಯುವುದು. "ಗಲ್ಲಿಗೆ ಓಗೋನೂ ಇಷ್ಟೊತ್ತು ಕುಂತಿರಾಕಿಲ್ಲ. ನಾನು ಬಸ್ಸಲ್ಲಿ ಮುಂದ್ಲಾಗಿ ಓಯ್ತೀನಿ."

"ನೀನ್ಯಾಕೆ ಬತ್ತೀಯ?"

"ನೀವು ಬಿದ್ರೆ ಎತ್ಕಂಡ್ ಬರಾಕೆ ನಿಮ್ಮಪ್ಪ ಇಲ್ವಲ್ಲ, ಅದ್ಕೆ."

ದಾರಿಯಲ್ಲಿ ನಾಲೆಯ ಸೇತುವೆ ಹತ್ತಿರ ದೊಡ್ಡಪ್ಪ ಸ್ಕೂಟರ್ ನಿಲ್ಲಿಸಲು ಹೇಳಿದರು. ಇಳಿದು, ತುಂಬಿ ಹರಿಯುವ ನೀರನ್ನು ನೋಡುತ್ತಾ ನಿಂತರು. ಬಲಗೈ ನಡುಗುತ್ತಿತ್ತು. ಅದರ ಮೇಲೆ ಎಡಗೈ ಇಟ್ಟರೆ ಅದೂ ನಡುಗುತ್ತಿತ್ತು.

"ಮಗ, ಇದ್ರಲ್ಲಿ ಕಾಯಿಲೆ ಎಷ್ಟು, ಎದ್ರಿಕೆ ಎಷ್ಟು ಅಂತ ನಂಗೇ ಗೊತ್ತಾಗಾಕಿಲ್ಲ ಕಣವ್ವ," ಎಂದರು. "ಅವತ್ತು ಬಾಯಿ ತಗುದ್ರೆ ದನಿ ಬರ್ನಿಲ್ಲ. ಇವತ್ತೂ ಬರ್ದೇ ಓದ್ರೆ, ಇನ್ಮ್ಯಾಕೆ ಅಸೀನ ಮುಂದೂ ಆಡಾಕಾಗಾಕಿಲ್ಲ. ಅದೊಂದು ಉಳ್ಕಂಡದೆ ನಂಗೆ."

ವಾಪಸು ಹೋಗೋಣವೇ ಎಂದೆ. ಅವರು ಬಂದು ಹಿಂದೆ ಕೂತರು. ನನ್ನ ಭುಜ ಹಿಡಿದ ಅವರ ಕೈ ಗುತ್ತಲು ಬರುವವರೆಗೂ ನಿಲ್ಲಲಿಲ್ಲ.

ಮೇಡಂ ಮನೆಯ ಮಹಡಿ ಉದ್ದನೆಯ ಹಜಾರ. ಮೆಟ್ಟಿಲು ಹತ್ತಿದರೆ ಬಾಗಿಲು ಹಿಂಬದಿಗೆ ಬರುತ್ತದೆ, ಹಾಡುವವರಿಗೆ ಎದುರಿನ ಗೋಡೆಯ ಹತ್ತಿರ ಜಮಖಾನೆ. ನಡುವೆ ಸಾಲಾಗಿ ಕುರ್ಚಿಗಳು. ಕೊನೆಯ ಸಾಲಿನಲ್ಲಿ ದೊಡ್ಡವ್ವ ಆಗಲೇ ಕೂತಿದ್ದರು. ದೊಡ್ಡಪ್ಪ ತಲೆ ತಗ್ಗಿಸಿಕೊಂಡು ಕುರ್ಚಿಗಳ ಪಕ್ಕದಲ್ಲಿ ನಡೆದು ಜಮಖಾನೆಯ ಮೇಲೆ ಕೂತರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಕಿಟ್ಟು ಪೆಟ್ಟಿಗೆ ತೆರೆದು ಶ್ರುತಿ ಹಿಡಿದರು. ಮೇಡಂ ನಾಲ್ಕು ಮಾತು ಹೇಳಿ ಪಕ್ಕಕ್ಕೆ ಸರಿದರು. ದೊಡ್ಡಪ್ಪ ತಲೆ ಎತ್ತಿದರು.

ಎಲ್ಲವೂ ಒಳ್ಳೆಯ ಮುಖಗಳೇ. ಯಾರೂ ನಗುತ್ತಿರಲಿಲ್ಲ. ಅದನ್ನು ಅವರಿಗೆ ಹೇಳುವುದು ಹೇಗೆ? ಅವರ ಬಾಯಿ ತೆರೆಯಿತು, ಕೊರಳ ನರ ಉಬ್ಬಿತು, ದನಿ ಬರಲಿಲ್ಲ. ಕಿಟ್ಟು ಇನ್ನೊಮ್ಮೆ ಮಟ್ಟು ನುಡಿಸಿ ಕಾದರು. ದೊಡ್ಡಪ್ಪನ ಹಣೆಯಿಂದ ಬೆವರು ಇಳಿದು ರೆಪ್ಪೆಯ ಮೇಲೆ ನಿಂತಿತು. ಯಾರೋ ನೀರಿನ ಲೋಟ ಮುಂದಿಟ್ಟರು. ಅವರು ಅದನ್ನು ಮುಟ್ಟಲಿಲ್ಲ. ಆ ಕೈಯಲ್ಲಿ ಲೋಟ ಹಿಡಿದರೆ ನೀರು ಚೆಲ್ಲುವುದನ್ನು ಎಲ್ಲರೂ ನೋಡುತ್ತಾರೆ ಎಂದು ಹೆದರಿದರೆಂದು ನನಗೆ ತಿಳಿಯಿತು. ಎದ್ದು, ಕೈ ಮುಗಿದು, ಬಂದ ದಾರಿಯಲ್ಲೇ ಹೊರಗೆ ಹೋಗಿಬಿಟ್ಟರು.

ನಾನು ಓಡಿದೆ. ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ತಮ್ಮ ಜೋಡು ಹುಡುಕುತ್ತಿದ್ದರು. ಒಂದು ಕೈಗೆ ಸಿಕ್ಕಿತ್ತು, ಇನ್ನೊಂದು ಸಿಗುತ್ತಿರಲಿಲ್ಲ. "ನಡಿ ಮಗ, ನಡಿ. ಮನೆಗೆ ಓಗುಮ," ಎನ್ನುತ್ತಿದ್ದರು. ಉಸಿರು ಸಿಳ್ಳೆಯಂತೆ ಬರುತ್ತಿತ್ತು. ಅವರ ಎದೆ ಒಡೆದು ಏನಾದರೂ ಆಗಿಬಿಟ್ಟರೆ ಎಂದು ನನಗೆ ನಿಜವಾಗಿ ಭಯವಾಯಿತು.

ಒಳಗೆ ಮೌನ ಕೆಟ್ಟದಾಗಿತ್ತು. ಅದನ್ನು ಮುಚ್ಚಲೆಂದು ಶ್ರೀಮತಿ ಮೇಡಂ ತಾವೇ ಜಮಖಾನೆಯ ಮೇಲೆ ಕೂತು ಹಾಡಲು ಶುರುಮಾಡಿದರು. ಅದೇ ಹಾಡು, ದೀಪ ಹಚ್ಚುವವರೆಗೆ ಇರು ಎನ್ನುವುದು. ಮೇಡಂಗೆ ಉಬ್ಬಸವಿದೆ. ದನಿ ಸಣ್ಣದು, ಆದರೆ ಸ್ವರಕ್ಕೆ ಸರಿಯಾಗಿತ್ತು. ದೊಡ್ಡಪ್ಪನ ಕೈ ಚಪ್ಪಲಿಗಳ ನಡುವೆ ನಿಂತಿತು. ಕೂತಲ್ಲಿಂದಲೇ ತಿರುಗಿ ಬಾಗಿಲೊಳಗೆ ನೋಡಿದರು. ಅಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಕೂತವರ ಬೆನ್ನುಗಳು, ಮತ್ತು ಆಚೆ ಕೊನೆಯಲ್ಲಿ ಹಾಡುತ್ತಿದ್ದ ಮೇಡಂ.

"ಆಯಮ್ಮಂಗೆ ಉಸುರು ಸಾಲಾಕಿಲ್ಲ," ಎಂದರು ತಮ್ಮಷ್ಟಕ್ಕೆ. "ಮ್ಯಾಲಕ್ಕೆ ಓದ್ರೆ ಕಟ್ಕತದೆ."

ಹಾಗೆಯೇ ಆಯಿತು. ಎರಡನೆಯ ಚರಣದಲ್ಲಿ ಮೇಲಿನ ಸ್ವರಕ್ಕೆ ಏರಿದ ಮೇಡಂಗೆ ಕೆಮ್ಮು ಬಂದು ಸಾಲು ಅರ್ಧಕ್ಕೆ ಕಡಿಯಿತು.

ಅದು ನೆಲಕ್ಕೆ ಬೀಳಲಿಲ್ಲ. ನನ್ನ ಪಕ್ಕದಿಂದ, ಚಪ್ಪಲಿಗಳ ನಡುವಿನಿಂದ, ಅದೇ ಸ್ವರದಲ್ಲಿ ದೊಡ್ಡಪ್ಪನ ದನಿ ಎದ್ದಿತು. ಅವರು ಯೋಚಿಸಿ ಹಾಡಿದ್ದಲ್ಲ. ಬೀಳುತ್ತಿರುವ ಮಗುವಿನ ಕಡೆಗೆ ಕೈ ಹೋಗುತ್ತದಲ್ಲ, ಹಾಗೆ. ಕಿಟ್ಟು ಗಾಬರಿಯಿಂದಲೇ ಪೆಟ್ಟಿಗೆ ಹಿಡಿದರು. ದೊಡ್ಡಪ್ಪ ಹಾಡುತ್ತಲೇ ಎದ್ದು ಬಾಗಿಲಿಗೆ ಬಂದರು, ಮೇಡಂ ಎದೆಯ ಮೇಲೆಯೇ ಕಣ್ಣು, ಇನ್ನೇನು ಅವರು ಉಸಿರು ಹಿಡಿದು ಮುಂದುವರಿಸುತ್ತಾರೆ ಎಂದು ಕಾಯುವವರಂತೆ. ಮೇಡಂ ಕೆಮ್ಮುತ್ತಾ ಕೈ ಆಡಿಸಿದರು, ನಿಲ್ಲಿಸಬೇಡಿ ಎಂದು.

ಆಗ ಕುರ್ಚಿಗಳಲ್ಲಿದ್ದವರೆಲ್ಲ ಹಿಂದಕ್ಕೆ ತಿರುಗಿದರು.

ದೊಡ್ಡಪ್ಪ ಆ ಮುಖಗಳನ್ನೆಲ್ಲ ನೋಡಿದರು. ಅವರ ಮುಖ ಬೂದಿಯಾಯಿತು. ಒಂದು ಕ್ಷಣ ದನಿ ನಡುಗಿತು. ಓಡಿಹೋಗಬಹುದಿತ್ತು. ಆದರೆ ಸಾಲು ಅವರ ಬಾಯಲ್ಲಿತ್ತು, ಅದನ್ನು ಎತ್ತಿಕೊಳ್ಳಲು ಅವರ ಕೆಳಗೆ ಇನ್ನೊಬ್ಬ ಮೇಷ್ಟ್ರಿರಲಿಲ್ಲ. ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಬಲಗೈಯಲ್ಲಿ ಒಂದು ಚಪ್ಪಲಿ ಇನ್ನೂ ಇತ್ತು, ಅದು ನಡುಗುತ್ತಲೇ ಇತ್ತು. ಹಾಗೆಯೇ ನಿಂತು ಹಾಡನ್ನು ಕೊನೆಯವರೆಗೂ ಹಾಡಿ, ದೀಪ ಹಚ್ಚಿಸಿ ನಿಲ್ಲಿಸಿದರು.

ಜನ ಏನು ಹೇಳಿದರು, ಎಷ್ಟು ಚಪ್ಪಾಳೆ ತಟ್ಟಿದರು ಎನ್ನುವುದು ಅವರಿಗೆ ನೆನಪಿಲ್ಲ. ಅವರು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು. ದೊಡ್ಡವ್ವ ಬಂದು ಕೈಯಿಂದ ಚಪ್ಪಲಿ ಬಿಡಿಸಿಕೊಂಡು, ತಾವೇ ಲೋಟ ಹಿಡಿದು ನೀರು ಕುಡಿಸಿದರು. ಎಲ್ಲ ನಾಟಕಗಳಲ್ಲೂ ಹೆಂಗಸರ ಜೊತೆ ಹಿಂದೆ ಕೂತು ಅವರು ನೋಡಿದ್ದು ಗಂಡನ ಬೆನ್ನನ್ನೇ.

"ಆಡೋವಾಗ ನಿಮ್ ಮೊಕ ಇಂಗಾಯ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ," ಎಂದರು.

"ಎಂಗಾಯ್ತದೆ?"

"ಎರಿಗೆ ನೋವು ಬಂದೋಳಂಗೆ."

ದೊಡ್ಡಪ್ಪ ನಗಲು ಹೋಗಿ ಅತ್ತರು. ಮೇಡಂ ಹತ್ತಿರ ಬಂದು, ಮುಂದಿನ ತಿಂಗಳೂ ಬರಬೇಕು ಮೇಷ್ಟ್ರೇ ಎಂದಾಗ, ತಲೆ ಎತ್ತದೆ, "ಬತ್ತೀನಿ ಕಣಮ್ಮ. ಆದ್ರೆ ಆ ಜಮಖಾನೆ ಮ್ಯಾಲೆ ಕೂರಾಕಿಲ್ಲ. ಈ ಬಾಗಿಲ ತಾವೇ ನಿಂತ್ಕತೀನಿ," ಎಂದರು.

ಈಗಲೂ ಬಾಗಿಲ ಹತ್ತಿರವೇ ನಿಂತು ಹಾಡುತ್ತಾರೆ. ಕೇಳುವವರು ಕುರ್ಚಿಗಳನ್ನು ತಿರುಗಿಸಿಕೊಂಡು ಕೂರುತ್ತಾರೆ. ಹೆದರಿಕೆ ಹೋಗಿಲ್ಲ. ಆ ಭಾನುವಾರ ಹತ್ತಿರ ಬಂದರೆ ಊಟ ಸೇರುವುದಿಲ್ಲ, ನಾಲೆಯ ಸೇತುವೆ ಮೇಲೆ ಸ್ಕೂಟರ್ ನಿಲ್ಲಿಸಲೇಬೇಕು. ಆದರೆ ನಾನು ಏಳುವ ಮೊದಲೇ ಬಿಳಿ ಪಂಚೆ ಉಟ್ಟು ನಮ್ಮ ಮನೆಯ ಮುಂದೆ ಬಂದು ನಿಂತಿರುತ್ತಾರೆ.

"ಬಿರ್ನೆ ನಡಿ ಮಗ," ಎನ್ನುತ್ತಾರೆ. "ಎದೆ ಡವಡವ ಒಡ್ಕೊತಾ ಅದೆ."